ಮಂಡಿ ಮುಟ್ಟದೆ ಹಾಕಿದ ಸಹಿ

ಕಳೆದ ಸೆಪ್ಟೆಂಬರಿನಲ್ಲಿ ಗೆಳತಿಯ ಮಗಳು ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಾಳೆಂದು ಡೆಟ್ರಾಯಿಟ್ ಹತ್ತಿರದ ಕ್ಯಾಂಟನ್‌ನ ಅವಳ ಹೈಸ್ಕೂಲಿನ ಫುಟ್‌ಬಾಲ್ ಮೈದಾನಕ್ಕೆ ಹೋಗಿದ್ದೆ. ಗೇಟಿನ ಬಳಿ ಆಟಗಾರರ ಸಾಲು ದಾಟುವಾಗ ನೋವಿನ ಮುಲಾಮಿನ ಘಾಟು ಬಂತು. ಅದರ ಜೊತೆಗೇ ಬೆವರು, ಆಗತಾನೆ ಕತ್ತರಿಸಿದ ಹುಲ್ಲು. ಹಳೆಯ ವಾಸನೆಗಳಿಂದ ಕೆಲವರಿಗೆ ಕಣ್ಣು ತೇವವಾಗುತ್ತದಂತೆ. ನನಗೆ ಸಿಟ್ಟು ಬಂತು. ಎಷ್ಟು ಸಿಟ್ಟೆಂದರೆ, ಗೆಳತಿ "ಯಾಕೇ, ಏನಾಯ್ತು?" ಎಂದು ಕೇಳಿದಾಗ ಉತ್ತರಿಸಲು ಬಾಯಿ ಬರಲಿಲ್ಲ. ಅವಳಿಗೆ ಅಂದು ಹೇಳದೆ ಉಳಿದದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಅದು 2009ರ ಬೇಸಿಗೆ. ಡೆಟ್ರಾಯಿಟ್ ಸುತ್ತಮುತ್ತ ಕಾರು ಕಂಪನಿಗಳು ಒಂದರ ಹಿಂದೊಂದು ಮುಗ್ಗರಿಸುತ್ತಿದ್ದ ಕಾಲ. ನನ್ನ ಗಂಡ ಶ್ರೀಧರ ಡಿಯರ್‌ಬಾರ್ನ್‌ನಲ್ಲಿ ಹತ್ತು ವರ್ಷ ಕಾರು ಕಂಪನಿಯ ಎಂಜಿನಿಯರಾಗಿದ್ದವನು, ಫೆಬ್ರವರಿಯ ಒಂದು ಮಂಗಳವಾರ ತನ್ನ ಮೇಜಿನ ಸಾಮಾನನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿಕೊಂಡು ಮಧ್ಯಾಹ್ನವೇ ಮನೆಗೆ ಬಂದಿದ್ದ. ನೋವೈ ಊರಿನ ನಮ್ಮ ಬಡಾವಣೆಯಲ್ಲಿ ಆ ವರ್ಷ ಹಗಲು ಹೊತ್ತು ಹುಲ್ಲು ಕತ್ತರಿಸುವ ಗಂಡಸರ ಸಂಖ್ಯೆ ಹೆಚ್ಚಾಯಿತು. ಮನೆ ನನ್ನ ಸಂಬಳದಲ್ಲಿ ನಡೆಯುತ್ತಿತ್ತು. ನಾನು ಫಿಸಿಯೋಥೆರಪಿಸ್ಟ್. ಮೈಸೂರಿನಲ್ಲಿ ಓದಿ, ಇಲ್ಲಿ ಮತ್ತೆ ಪರೀಕ್ಷೆ ಬರೆದು, ಆ ಹೊತ್ತಿಗೆ ಆರು ವರ್ಷದಿಂದ ಒಂದು ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಿದ್ದೆ.

ಆ ಕ್ಲಿನಿಕ್ಕಿಗೆ ಒಂದು ಫುಟ್‌ಬಾಲ್ ತಂಡದ ಕಾಂಟ್ರಾಕ್ಟ್ ಇತ್ತು. ಟಿವಿಯಲ್ಲಿ ಬರುವ ದೊಡ್ಡ ತಂಡವಲ್ಲ. ವಾರವೆಲ್ಲ ಬೇರೆ ಕೆಲಸ ಮಾಡಿ ಶನಿವಾರ ಆಡುವವರ ಸಣ್ಣ ಲೀಗಿನ ತಂಡ. ಇದು ಕಾಲಲ್ಲಿ ಒದೆಯುವ ಫುಟ್‌ಬಾಲೂ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಓಡುವ ಅಮೆರಿಕನ್ ಆಟ. ಅದರಲ್ಲಿ ರಿಸೀವರ್ ಎಂದರೆ, ದೂರದಿಂದ ಎಸೆದ ಚೆಂಡನ್ನು ಓಡುತ್ತಲೇ ಹಿಡಿಯಬೇಕಾದವನು. ಹನ್ನೊಂದು ವರ್ಷದಿಂದ ಆ ತಂಡದ ರಿಸೀವರ್ ರೇಮಂಡ್. ವಯಸ್ಸು ಮೂವತ್ತೇಳು. ಬಾಗಿಲಿಗೆ ತಲೆ ತಾಗದಂತೆ ಬಗ್ಗಿಕೊಂಡೇ ಒಳಬರುತ್ತಿದ್ದ, ಮೆಲುಮಾತಿನ ಆಳು. ಅವನು ಕೆಲಸ ಮಾಡುತ್ತಿದ್ದ ಕಾರಿನ ಬಿಡಿಭಾಗದ ಕಾರ್ಖಾನೆ ಆ ಚಳಿಗಾಲದಲ್ಲಿ ಮುಚ್ಚಿತ್ತು. ತಂಡದ ಮಾಲೀಕ ಗ್ಯಾರಿಗೆ ಹಳೇ ಕಾರುಗಳನ್ನು ಮಾರುವ ಅಂಗಡಿ ಇತ್ತು. ರೇಮಂಡನಿಗೆ ಅಲ್ಲಿ ಕಾರು ತೊಳೆದು ಸಾಲಾಗಿ ನಿಲ್ಲಿಸುವ ಕೆಲಸ ಕೊಟ್ಟಿದ್ದ. ಆ ಕೆಲಸದ ಜೊತೆ ಆರೋಗ್ಯ ವಿಮೆ ಸಿಗುತ್ತಿತ್ತು. ರೇಮಂಡನ ಹೆಂಡತಿಗೆ ಸಕ್ಕರೆ ಕಾಯಿಲೆ, ದಿನಕ್ಕೆರಡು ಇಂಜೆಕ್ಷನ್. ಈ ದೇಶದಲ್ಲಿ ವಿಮೆ ಇಲ್ಲದೆ ಅದನ್ನು ಕೊಳ್ಳುವುದೆಂದರೆ ಏನೆಂದು ಇಲ್ಲಿದ್ದವರಿಗೆ ಗೊತ್ತು.

ಮೇ ತಿಂಗಳಲ್ಲಿ, ಇನ್ನೂ ಸ್ವೆಟರ್ ಬಿಡಲಾಗದ ಚಳಿಯಲ್ಲಿ, ಆಟಗಾರರನ್ನೆಲ್ಲ ಪರೀಕ್ಷಿಸಿ ಒಬ್ಬೊಬ್ಬರಿಗೂ ಒಂದು ಹಾಳೆಯ ವರದಿ ಬರೆದುಕೊಟ್ಟೆ. ರೇಮಂಡನ ಎಡತೊಡೆಯ ಹಿಂಭಾಗದ ಸ್ನಾಯು ಬಿಗಿದಿತ್ತು. ಬರೆದೆ: "ವಯಸ್ಸಿಗೆ ತಕ್ಕ ಸವೆತ ಇದೆ, ಆದರೆ ಆಡಲು ಏನೂ ಅಡ್ಡಿಯಿಲ್ಲ, ವಾರಕ್ಕೆ ಎರಡು ದಿನ ವಿಶ್ರಾಂತಿ ಸಾಕು."

ನಾಲ್ಕು ದಿನ ಬಿಟ್ಟು ಅವನು ಆ ಹಾಳೆ ಹಿಡಿದು ಕ್ಲಿನಿಕ್ಕಿಗೆ ಬಂದ. ನಮ್ಮ ಮಾತು ನಡೆದದ್ದು ಇಂಗ್ಲಿಷಿನಲ್ಲೇ, ನನ್ನ ನೆನಪಿನಲ್ಲಿ ಮಾತ್ರ ಅದು ಕನ್ನಡವಾಗಿಬಿಟ್ಟಿದೆ.

"ಮಿಸ್ ಸುಮಾ, ಇದನ್ನ ಬರೆದದ್ದು ನೀವೇನಾ?"

"ಹೌದು. ಯಾಕೆ?"

"ಗ್ಯಾರಿ ನನ್ನನ್ನ ತಂಡದಿಂದ ತೆಗೆದ. ನಿಮ್ಮ ವರದೀಲೇ ಹಾಗಿದೆ ಅಂದ."

ಹಾಳೆಯಲ್ಲಿ ಒಂದು ಕೆಂಪು ಗೆರೆ ಎಳೆದಿತ್ತು. 'ವಯಸ್ಸಿಗೆ ತಕ್ಕ ಸವೆತ ಇದೆ' ಎಂಬಲ್ಲಿಗೆ, ಸರಿಯಾಗಿ ಅಲ್ಪವಿರಾಮದ ಹತ್ತಿರ, ಗೆರೆ ನಿಂತಿತ್ತು. ನಾನು ಉಳಿದ ವಾಕ್ಯವನ್ನು ಬೆರಳಿಟ್ಟು ತೋರಿಸಿದೆ.

"ಅದನ್ನ ನಾನೂ ಓದಿದೆ," ಎಂದ ರೇಮಂಡ್. "ಅವನೂ ಓದಿರ್ತಾನೆ." ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗಿಟ್ಟುಕೊಂಡ. "ಕಾರು ತೊಳೆಯೋ ಕೆಲಸವೂ ತಂಡದಲ್ಲಿ ಇರೋವರಿಗೆ ಮಾತ್ರ ಅಂತೆ. ಈ ತಿಂಗಳ ಕೊನೆಗೆ ಮುಗೀತು."

ನನ್ನ ಮೇಲೆ ಕೂಗಾಡಿದ್ದರೆ ಚೆನ್ನಾಗಿತ್ತು. ಬಾಗಿಲಲ್ಲಿ ತಲೆ ಬಗ್ಗಿಸಿ ಹೊರಟುಹೋದ.

ಅವನ ಜಾಗಕ್ಕೆ ಬಂದವನು ಕೋಡಿ, ಇಪ್ಪತ್ಮೂರರ ಹುಡುಗ. ಕಾಲೇಜಿನಲ್ಲಿ ಹೆಸರು ಮಾಡಿದ್ದ. ಪತ್ರಿಕೆಗಳಲ್ಲಿ ಅವನ ಫೋಟೋ ಬಂದಿತ್ತು. ಅದಾದ ಮೇಲೆ ಬಲಮಂಡಿಯ ಲಿಗಮೆಂಟ್ ಹರಿದು ಆಪರೇಷನ್ ಆಯಿತು, ಮತ್ತೆ ಹರಿದು ಇನ್ನೊಂದು ಆಪರೇಷನ್ ಆಯಿತು. ಗ್ಯಾರಿಗೆ ಮಂಡಿ ಬೇಕಿರಲಿಲ್ಲ, ಫೋಟೋ ಬೇಕಿತ್ತು. ಅಂಗಡಿಯ ವ್ಯಾಪಾರ ಬಿದ್ದುಹೋಗಿತ್ತು, ಪ್ರಾಯೋಜಕರು ಕೈಬಿಟ್ಟಿದ್ದರು, ಪೋಸ್ಟರಿನ ಮೇಲೆ ಎಳೆಯ ಮುಖವಿದ್ದರೆ ಜನ ಬರುತ್ತಾರೆಂದು ಅವನ ಎಣಿಕೆ. ನಾನು ಪರೀಕ್ಷೆ ಮಾಡುವ ಮುಂಚೆಯೇ ಪೋಸ್ಟರ್ ಅಚ್ಚಾಗಿ ಬಂದಿತ್ತು.

ಕೋಡಿಗೆ ಬಲಗಾಲೊಂದರ ಮೇಲೆಯೇ ಕುಪ್ಪಳಿಸಲು ಹೇಳಿದೆ. ಮೂರನೇ ಸಲಕ್ಕೆ ಮಂಡಿ ಒಳಮುಖವಾಗಿ ಕುಸಿಯಿತು. ಗೋಡೆ ಹಿಡಿದು ನಿಂತು ನಕ್ಕ.

"ಬೆಳಿಗ್ಗೆ ಹೊತ್ತು ಸ್ವಲ್ಪ ಬಿಗಿ ಇರುತ್ತೆ ಅಷ್ಟೇ."

"ಈಗ ಮಧ್ಯಾಹ್ನ ಎರಡು ಗಂಟೆ, ಕೋಡಿ."

ಅವನ ನಗು ಇಳಿಯಿತು. "ಈ ಬೇಸಿಗೆ ಆಡದೇ ಇದ್ರೆ ನನ್ನ ಹೆಸರು ಯಾರಿಗೂ ನೆನಪಿರಲ್ಲ. ಎರಡು ವರ್ಷದಿಂದ ಅಮ್ಮನ ಮನೆ ಬೇಸ್‌ಮೆಂಟಿನಲ್ಲಿದ್ದೀನಿ. ನೀವು ಬೇಡ ಅಂದ್ರೂ ನಾನು ಆಡ್ತೀನಿ."

ನಾನು ಬೇಡವೆಂದೇ ಬರೆದೆ. ನಾಲ್ಕು ತಿಂಗಳು ಮೈದಾನಕ್ಕಿಳಿಯಬಾರದು. ಈ ಸಲ ಅಲ್ಪವಿರಾಮವನ್ನೇ ಬಳಸಲಿಲ್ಲ. ಗ್ಯಾರಿ ಓದಿ, "ನೀವು ಹೆಂಗಸರು ಅತಿ ಜಾಗ್ರತೆ" ಎಂದು ಹಾಳೆಯನ್ನು ಫೈಲಿನ ತಳಕ್ಕೆ ಸೇರಿಸಿದ. ಒಂದೇ ಕೈ ಬರೆದ ಎರಡು ಹಾಳೆ. ಒಂದರಲ್ಲಿ ಅರ್ಧ ವಾಕ್ಯ ವೇದವಾಕ್ಯವಾಯಿತು, ಇನ್ನೊಂದು ಇಡಿಯಾಗಿ ಕಸವಾಯಿತು. ಆಪರೇಷನ್ ಆದವರು ಆಡಬೇಕಾದರೆ ಲೀಗಿನ ನಿಯಮದ ಪ್ರಕಾರ ಡಾಕ್ಟರೊಬ್ಬರ ಸಹಿ ಬೇಕಿತ್ತು. ನನ್ನಂಥವರ ಮಾತು ಅಲ್ಲಿ ಲೆಕ್ಕಕ್ಕಿರಲಿಲ್ಲ. ಒಂದು ವಾರದಲ್ಲಿ ಸಹಿ ಬಂತು. ಕೆಳಗಿದ್ದ ಹೆಸರನ್ನು ಎರಡು ಸಲ ಓದಿದೆ.

ಸಹಿ ನಮ್ಮ ಡಾ. ನಾಗಭೂಷಣ ಅವರದು.

ಮೂಳೆ ಡಾಕ್ಟರು, ಮೈಸೂರಿನ ಸರಸ್ವತಿಪುರಂನವರು. ನೋವೈ, ಕ್ಯಾಂಟನ್ ಕಡೆಯ ಕನ್ನಡಿಗರಿಗೆಲ್ಲ ಡಾಕ್ಟರ್ ಅಂಕಲ್. ನಾನು ಈ ದೇಶಕ್ಕೆ ಹೊಸಬಳಾಗಿ ಬಂದು ಪರೀಕ್ಷೆಗೆ ಓದುವಾಗ ಪುಸ್ತಕ ಕೊಟ್ಟವರು, ಮೊದಲ ಕೆಲಸಕ್ಕೆ ಶಿಫಾರಸು ಪತ್ರ ಬರೆದವರು. ಅವರ ಮನೆಯ ನವರಾತ್ರಿ ಬೊಂಬೆಗೆ ನಾನು ಪ್ರತಿ ವರ್ಷ ಹೋಗುತ್ತಿದ್ದೆ. ಅವರು ಕೋಡಿಯನ್ನು ನೋಡಿ, ನನಗೆ ಕಾಣದ್ದೇನನ್ನೋ ಕಂಡಿರಬಹುದೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಹುಡುಗನನ್ನು ಕೇಳಿದೆ.

"ಡಾಕ್ಟರ್ ಏನಂದ್ರು?"

"ಯಾವ ಡಾಕ್ಟರ್?" ಎಂದ ಕೋಡಿ.

ಅಂಕಲ್‌ಗೆ ಫೋನ್ ಮಾಡಿದೆ.

"ಓ ಅದಾ? ಗ್ಯಾರಿ ಅಂಗಡೀಲಿ ನನ್ನ ಕಾರು ಸರ್ವಿಸಿಗೆ ಬಿಟ್ಟಿದ್ದೆ, ಅವತ್ತು ಅವನು ಒಂದು ಕಟ್ಟು ಫಾರಂ ತಂದ. ಎಲ್ಲಕ್ಕೂ ಒಟ್ಟಿಗೆ ಸಹಿ ಹಾಕ್ದೆ. ಅದೆಲ್ಲ ಫಾರ್ಮಾಲಿಟಿ ಕಣಮ್ಮ."

"ಅಂಕಲ್, ಆ ಹುಡುಗಂಗೆ ಎರಡು ಸಲ ಆಪರೇಷನ್ ಆಗಿದೆ. ನಾನು ಆಡಬಾರ್ದು ಅಂತ ಬರ್ದಿದೀನಿ."

"ನಾನು ಹಾಕ್ದೇ ಇದ್ರೆ ಇನ್ನೊಬ್ಬ ಹಾಕ್ತಿದ್ದ. ಅವನೇನು ಮಗೂನಾ? ಆಡೋದು ಅವನಿಷ್ಟ. ನೀನು ತಲೆ ಕೆಡಿಸ್ಕೋಬೇಡ. ಶ್ರೀಧರಂಗೆ ಎಲ್ಲಾದ್ರೂ ಇಂಟರ್‌ವ್ಯೂ ಬಂತಾ?"

ನಾನು "ಇಲ್ಲ ಅಂಕಲ್, ನೋಡ್ತಿದಾರೆ" ಎಂದೆ. "ಸರಿ ಅಂಕಲ್" ಎಂದೆ. ಫೋನ್ ಇಟ್ಟೆ. ಗ್ಯಾರಿಯ ಮೇಲಿನ ಸಿಟ್ಟು ಈಗ ಸಾಕಷ್ಟು ಹಳೆಯದಾಗಿದೆ. ಆ "ಸರಿ ಅಂಕಲ್" ಮೇಲಿನದು ಹಾಗೇ ಇದೆ.

ಲೀಗಿಗೇ ಪತ್ರ ಬರೆಯುತ್ತೇನೆಂದು ಆ ಸಂಜೆ ಶ್ರೀಧರನಿಗೆ ಹೇಳಿದೆ. ಅವನು ಲ್ಯಾಪ್‌ಟಾಪಿನಲ್ಲಿ ಯಾವುದೋ ಅರ್ಜಿ ತುಂಬುತ್ತಿದ್ದ.

"ಈಗ ಬೇಡ ಕಣೇ. ಕಾಂಟ್ರಾಕ್ಟ್ ಹೋದ್ರೆ ಕ್ಲಿನಿಕ್‌ನವ್ರು ಮೊದ್ಲು ನಿನ್ನೇ ಕಳಿಸೋದು. ನಾನು ನಲವತ್ತು ಕಡೆ ಅಪ್ಲೈ ಮಾಡಿದೀನಿ, ಒಬ್ರೂ ಫೋನ್ ಮಾಡಿಲ್ಲ."

"ಅವನ ಕಾಲು ಹೋಗುತ್ತೆ ಕಣೋ."

"ನೀನು ಬರ್ದು ಕೊಟ್ಟಿದೀಯ ತಾನೆ? ನಿನ್ ಡ್ಯೂಟಿ ಮುಗೀತು."

ನಾನು ಪತ್ರ ಬರೆಯಲಿಲ್ಲ.

ಜೂನಿನಲ್ಲಿ ಅಭ್ಯಾಸ ಶುರುವಾಯಿತು. ಒಂದು ಸಂಜೆ ಮೈದಾನದ ಬೇಲಿಯ ಹೊರಗೆ ರೇಮಂಡ್ ನಿಂತಿದ್ದ. ಜಗಳಕ್ಕೆ ಬಂದನೇನೋ ಎಂದುಕೊಂಡೆ. ಅವನು ಕೋಡಿಯನ್ನು ಕರೆದು, ಚೆಂಡು ಹಿಡಿದ ಮೇಲೆ ಎಡಗಾಲಿನ ಮೇಲೆ ತಿರುಗುವುದನ್ನು ಹೇಳಿಕೊಡುತ್ತಿದ್ದ. "ಬಲಗಾಲನ್ನ ನಂಬಬೇಡ, ಅದು ಸುಮ್ನೆ ಹಿಂದೆ ಬರ್ಲಿ" ಎನ್ನುತ್ತಿದ್ದ. ಕೋಡಿ ತಲೆಯಾಡಿಸುತ್ತಿದ್ದ. ಹೀಗೆ ಮೂರು ಸಂಜೆ ನಡೆಯಿತು. ನಾಲ್ಕನೆಯ ಸಂಜೆ ಗ್ಯಾರಿ ಬಂದು, ಹೊರಗಿನವರು ಬೇಲಿಯ ಹತ್ತಿರ ನಿಲ್ಲಬಾರದೆಂದು ಹೇಳಿ ಅವನನ್ನು ಕಳಿಸಿದ. ಹನ್ನೊಂದು ವರ್ಷ ಆಡಿದವನು ಹೊರಗಿನವನಾಗಲು ಮೂರು ವಾರ ಸಾಕಾಗಿತ್ತು!

ಜುಲೈ ಮಧ್ಯದಲ್ಲಿ ಶಿಕಾಗೋ ಹೊರವಲಯದ ಒಂದು ತಂಡದ ಜೊತೆ ಆಟವಿತ್ತು. ನಸುಕಿಗೇ ಹೊರಟು, ಬಾಡಿಗೆ ಬಸ್ಸಿನಲ್ಲಿ ಫ್ರೀವೇ ಹಿಡಿದು, ಮಿಚಿಗನ್ ದಾಟುವಾಗ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿಕೊಂಡು ತಲುಪಿದೆವು. ತೊಂಬತ್ತೆರಡು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಹಿಂದಿನ ದಿನದ ಮಳೆಗೆ ನೆಲ ಮೇಲ್ಗಡೆ ಒಣಗಿ ಒಳಗೆ ಹಸಿಯಾಗಿಯೇ ಇತ್ತು. ಮೈದಾನದ ಆಚೆ ಗೂಡ್ಸ್ ರೈಲು ಹೋಗುತ್ತಿದ್ದರೆ ಆಟಗಾರರ ಕೂಗೇ ಕೇಳುತ್ತಿರಲಿಲ್ಲ.

ಕೋಡಿ ಎರಡು ಚೆಂಡು ಹಿಡಿದ. ಸುಳ್ಳು ಹೇಳಬಾರದು, ಅದನ್ನು ನೋಡುವುದೇ ಒಂದು ಸೊಗಸು. ಎರಡನೆಯದನ್ನು ಹಿಡಿದಾಗ ಎದುರು ತಂಡದ ಜನವೂ ಎದ್ದು ನಿಂತರು. ಗ್ಯಾರಿ ನನ್ನ ಕಡೆ ತಿರುಗಿ, ನೋಡಿದಿರಾ ಎಂಬಂತೆ ಎರಡೂ ಕೈ ಚಾಚಿದ. ವಿರಾಮದ ನಂತರ ಮೂರನೆಯ ಚೆಂಡು ಬಂತು. ಹತ್ತಿರ ಯಾರೂ ಇರಲಿಲ್ಲ. ಯಾರೂ ಅವನನ್ನು ತಳ್ಳಲಿಲ್ಲ, ಮುಟ್ಟಲಿಲ್ಲ. ಚೆಂಡು ಸ್ವಲ್ಪ ಹಿಂದೆ ಬಿತ್ತು, ಅದಕ್ಕೆ ತಿರುಗಿದ, ಬಲಗಾಲಿನ ಮೇಲೆ. ಹಾಗೇ ಮಡಿಸಿಕೊಂಡು ಕುಸಿದ.

ನಾನು ಓಡಿಹೋಗಿ ಮಂಡಿಗೆ ಕೈಯಿಟ್ಟೆ. ಕೈಗೆ ತಕ್ಷಣ ತಿಳಿಯುತ್ತದೆ. ಹಿಡಿದಿಡಬೇಕಾದದ್ದು ಅಲ್ಲಿ ಏನೂ ಉಳಿದಿರಲಿಲ್ಲ. ಅವನು ನನ್ನ ತೋಳು ಹಿಡಿದು, "ಹೇಳಬೇಡಿ, ನನಗೆ ಗೊತ್ತು, ದಯವಿಟ್ಟು ಹೇಳಬೇಡಿ" ಎನ್ನುತ್ತಿದ್ದ.

ಆಸ್ಪತ್ರೆಗೆ ನಾನು ಜೊತೆಗೆ ಹೋದೆ. ಆಟ ಮುಗಿಸಿ ಗ್ಯಾರಿ ಅಲ್ಲಿಗೆ ಬಂದಾಗ ಇನ್ನೂ ಬಿಸಿಲಿತ್ತು. ಕೋಡಿ ಹೇಗಿದ್ದಾನೆ ಎಂದು ಕೇಳಿ, ಉತ್ತರ ಮುಗಿಯುವ ಮೊದಲೇ ಹೇಳಿದ: "ಮುಂದಿನ ಶನಿವಾರ ರೇಮಂಡ್ ಬೇಕು. ಫೋನ್ ಮಾಡಿದೀನಿ. ಆದರೆ ಫೈಲಿನಲ್ಲಿ ನಿಮ್ಮ ವರದಿ ಇದೆಯಲ್ಲ. ಅವನು ಆಡಬಹುದು ಅಂತ ಹೊಸದೊಂದು ಬರೆದುಕೊಡಿ."

ನಾನು ಕುರ್ಚಿಯಿಂದ ಎದ್ದೆ.

"ಹಳೆಯದರಲ್ಲೇ ಬರೆದಿದೆ, ಗ್ಯಾರಿ. ಅಲ್ಪವಿರಾಮದ ಆಚೆ ಓದಿ."

"ಈಗ ಇಂಥ ಮಾತು ಬೇಕಾ?"

"ಈಗಲೇ ಬೇಕು. ಕೋಡಿಯ ವರದಿಯನ್ನೂ ತೆಗೆದು ಓದಿ. ಅದು ತಳದಲ್ಲಿದೆ."

ನನ್ನ ಧ್ವನಿ ಏರಿತ್ತು. ನರ್ಸ್ ಒಬ್ಬಳು ಬಾಗಿಲಿಗೆ ಬಂದಳು. ಗ್ಯಾರಿ ಕಾರಿನ ಬೀಗದಕೈ ಆಡಿಸುತ್ತ ಹೊರಟುಹೋದ. ಬಸ್ಸೂ ಹೋಯಿತು. ನಮ್ಮಿಬ್ಬರನ್ನು ವಾಪಸ್ಸು ಕರೆದೊಯ್ಯುವುದು ಯಾರ ಕೆಲಸವೆಂದು ಯಾರೂ ಯೋಚಿಸಿರಲಿಲ್ಲ.

ಮರುದಿನ ಶ್ರೀಧರ ನೋವೈನಿಂದ ನಾಲ್ಕೂವರೆ ಗಂಟೆ ಡ್ರೈವ್ ಮಾಡಿಕೊಂಡು ಬಂದ. ಕೋಡಿಯನ್ನು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿಸಿ, ದಿಂಬು ಒದಗಿಸಿದ. ತಂದಿದ್ದ ಚಿತ್ರಾನ್ನದ ಡಬ್ಬಿಯನ್ನು ಅವನಿಗೆ ಕೊಟ್ಟ. ಹುಡುಗ ಪ್ಲಾಸ್ಟಿಕ್ ಫೋರ್ಕಿನಲ್ಲಿ ಶೇಂಗಾ ಹೆಕ್ಕುತ್ತ ಪೂರ್ತಿ ತಿಂದು, ಖಾಲಿ ಡಬ್ಬಿಯನ್ನು ಎದೆಯ ಮೇಲಿಟ್ಟುಕೊಂಡೇ ನಿದ್ದೆ ಹೋದ. ಅರ್ಧ ದಾರಿಯಲ್ಲಿ ಕಲಮಜೂ ಊರು ದಾಟಿದೆವು. ಶ್ರೀಧರ ಕನ್ನಡಿಯಲ್ಲಿ ಹಿಂದೆ ನೋಡುತ್ತ ಹೇಳಿದ:

"ಆ ಪತ್ರ ಬರೀಬೇಕಿತ್ತು ಕಣೇ. ನಾನೇ ಬೇಡ ಅಂದೆ."

"ನಾನೂ ನಿನ್ನ ಮಾತು ಕೇಳ್ದೆ" ಎಂದೆ.

ಮಾರನೆಯ ದಿನ ರೇಮಂಡನಿಗೆ ಫೋನ್ ಮಾಡಿ, ಆ ಮನುಷ್ಯನ ತಂಡಕ್ಕೆ ಮತ್ತೆ ಕಾಲಿಡಬೇಡ ಎಂದೆ. ನನ್ನ ಸಿಟ್ಟಿಗೆ ಅವನೊಬ್ಬ ಜೊತೆಗಾರನಾಗಲಿ ಎಂದಿತ್ತೇನೋ. ಅವನು ಪೂರ್ತಿ ಕೇಳಿಸಿಕೊಂಡು ಹೇಳಿದ:

"ಮಿಸ್ ಸುಮಾ, ಸಿಟ್ಟು ಮಾಡೋದಕ್ಕೆ ನಿಮಗೆ ಪುರುಸೊತ್ತಿದೆ. ನನ್ನ ಹೆಂಡತಿ ಔಷಧಿ ಗುರುವಾರಕ್ಕೆ ಮುಗಿಯುತ್ತೆ. ಆಡಿದ್ರೆ ಕೆಲಸ, ವಿಮೆ ಎರಡೂ ವಾಪಸ್ ಅಂದಿದಾನೆ ಗ್ಯಾರಿ. ಶನಿವಾರ ನಾನು ಆಡ್ತೀನಿ."

ಹಾಗೇ ಆಡಿದ. ಉಳಿದ ನಾಲ್ಕು ಆಟಗಳಲ್ಲೂ ಆಡಿದ. ತೊಡೆಗೆ ಪಟ್ಟಿ ಕಟ್ಟಿಸಿಕೊಳ್ಳಲು ನನ್ನ ಮುಂದೆ ಕುಳಿತಾಗ ಗ್ಯಾರಿಯ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಕೋಡಿ ಹೇಗಿದ್ದಾನೆಂದು ಮಾತ್ರ ಪ್ರತಿ ಸಲವೂ ಕೇಳುತ್ತಿದ್ದ. ಕೊನೆಯ ಆಟದ ದಿನ ಜನ ಅವನ ಹೆಸರು ಕೂಗಿದರು. ಸೀಸನ್ ಮುಗಿದ ಮೇಲೆ ಗ್ಯಾರಿ ಕಾರಿನ ಅಂಗಡಿ ಮುಚ್ಚಿದ, ತಂಡವೂ ಅದರ ಹಿಂದೆಯೇ ಹೋಯಿತು. ರೇಮಂಡನಿಗೆ ಸ್ಕೂಲ್ ಬಸ್ ಓಡಿಸುವ ಕೆಲಸ ಸಿಕ್ಕಿತು, ವಿಮೆಯೂ ಸಿಕ್ಕಿತು. ಅದು ಯಾರ ದಯೆಯೂ ಅಲ್ಲ, ಅವನೇ ಹತ್ತು ಕಡೆ ಅಲೆದು ಹುಡುಕಿಕೊಂಡದ್ದು.

ಆಗಸ್ಟಿನಲ್ಲಿ ಗಣೇಶನ ಹಬ್ಬಕ್ಕೆ ನೋವೈ ದೇವಸ್ಥಾನಕ್ಕೆ ಹೋಗಿದ್ದೆವು. ಊಟದ ಹಾಲಿನಲ್ಲಿ ಪುಳಿಯೋಗರೆಯ ತಟ್ಟೆ ಹಿಡಿದು ಡಾಕ್ಟರ್ ಅಂಕಲ್ ನಾಲ್ಕಾರು ಜನರ ನಡುವೆ ನಿಂತಿದ್ದರು. ನನ್ನನ್ನು ಕಂಡು ಎಂದಿನ ವಿಶ್ವಾಸದಿಂದಲೇ ಕರೆದರು.

"ಏನಮ್ಮ ಸುಮಾ, ಕಾಣೋದೇ ಇಲ್ಲ. ಹೇಗಿದೀಯ?"

ಚೆನ್ನಾಗಿದ್ದೇನೆ ಎನ್ನಲು ಬಾಯಿ ತೆರೆದೆ. ಬಂದದ್ದು ಬೇರೆ.

"ಅಂಕಲ್, ನೀವು ಸಹಿ ಹಾಕಿದ್ರಲ್ಲ, ಆ ಆಟಗಾರ. ಅವನ ಯಾವ ಮಂಡಿ ಹೋಗಿದ್ದು ಹೇಳಿ. ಎಡದ್ದಾ, ಬಲದ್ದಾ?"

ಅಂಕಲ್ ತಟ್ಟೆಯ ಕಡೆ ನೋಡಿದರು. "ಎಡ... ಎಡದ್ದಲ್ವಾ?" ಎಂದರು.

"ನಿಮಗೆ ಗೊತ್ತಿಲ್ಲ. ಅವನ ಮುಖಾನೇ ನೀವು ನೋಡಿಲ್ಲ."

"ಸುಮಾ, ಇದು ದೇವಸ್ಥಾನ ಕಣಮ್ಮ," ಎಂದರು ಪಕ್ಕದಲ್ಲಿದ್ದ ಆಂಟಿಯೊಬ್ಬರು. "ದೊಡ್ಡೋರ ಹತ್ರ ಹೀಗಾ ಮಾತಾಡೋದು?"

ಶ್ರೀಧರ ನನ್ನ ಕೈಯಿಂದ ತಟ್ಟೆ ತೆಗೆದುಕೊಂಡ. ನಾವು ಊಟ ಮಾಡದೆ ಬಂದೆವು. ಆ ವರ್ಷ ನವರಾತ್ರಿಯ ಬೊಂಬೆಗೆ ನಮಗೆ ಯಾರ ಮನೆಯಿಂದಲೂ ಕರೆ ಬರಲಿಲ್ಲ.

ದೇವಸ್ಥಾನದ ಆ ಮಾತಾಗಿ ಮೂರು ದಿನದ ನಂತರ ಅಂಕಲ್ ಫೋನ್ ಮಾಡಿದರು. "ಬಲದ್ದು. ಪೇಪರ್ಸ್ ತರಿಸಿ ನೋಡ್ದೆ," ಎಂದರು. ಆಮೇಲೆ, "ಆ ಹುಡುಗನ್ನ ನನ್ನ ಹತ್ರ ಕಳಿಸ್ತೀಯಾ?" ಎಂದು ಕೇಳಿದರು. ಕೋಡಿಗೆ ವಿಮೆ ಇರಲಿಲ್ಲ. ಅಂಕಲ್ ತಮ್ಮ ಫೀಸು ಬಿಟ್ಟರು, ಆಸ್ಪತ್ರೆಯವರನ್ನೂ ಒಪ್ಪಿಸಿ ಸೆಪ್ಟೆಂಬರಿನಲ್ಲಿ ತಾವೇ ಆಪರೇಷನ್ ಮಾಡಿದರು. ಚೆನ್ನಾಗಿಯೇ ಮಾಡಿದರು, ಅವರ ಕೈ ಒಳ್ಳೆಯದು. ಆಮೇಲಿನ ವ್ಯಾಯಾಮವನ್ನೆಲ್ಲ ನಾನು ಮಾಡಿಸಿದೆ. ಕೋಡಿ ನಡೆದ. ಮೆಟ್ಟಿಲು ಹತ್ತಿದ. ಓಡುವುದು ಮಾತ್ರ ಅಲ್ಲಿಗೆ ಮುಗಿಯಿತು. ಒಂದು ದಿನ ವ್ಯಾಯಾಮದ ನಡುವೆ, "ಇಪ್ಪತ್ಮೂರಕ್ಕೇ ನಾನು ಮುದುಕ ಆದೆ," ಎಂದು ನಕ್ಕ. ಇನ್ನೂ ಹತ್ತು ಸಲ ಮಂಡಿ ಮಡಿಸು ಎಂದೆ.

ನವೆಂಬರಿನಲ್ಲಿ ರಾಜ್ಯೋತ್ಸವ. ಒಂದು ಶಾಲೆಯ ಸಭಾಂಗಣದಲ್ಲಿ ಕಾರ್ಯಕ್ರಮ. ಮಕ್ಕಳ ನೃತ್ಯ ಮುಗಿದ ಮೇಲೆ ಡಾ. ನಾಗಭೂಷಣ ಅವರನ್ನು ವೇದಿಕೆಗೆ ಕರೆದು, ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ನಿರೂಪಕಿ ಮೈಕಿನಲ್ಲಿ ಹೇಳಿದಳು: "ಈ ಕಷ್ಟದ ವರ್ಷದಲ್ಲಿ, ವಿಮೆಯೂ ಇಲ್ಲದ ಒಬ್ಬ ಬಡ ಅಮೆರಿಕನ್ ಕ್ರೀಡಾಪಟುವಿಗೆ ಒಂದು ಡಾಲರೂ ತೆಗೆದುಕೊಳ್ಳದೆ ಶಸ್ತ್ರಚಿಕಿತ್ಸೆ ಮಾಡಿ, ಕನ್ನಡಿಗರ ಹೃದಯವಂತಿಕೆ ಏನೆಂದು ತೋರಿಸಿಕೊಟ್ಟವರು ನಮ್ಮ ಪ್ರೀತಿಯ ಡಾಕ್ಟರ್ ಅಂಕಲ್!"

ಇಡೀ ಸಭೆ ಎದ್ದು ನಿಂತಿತು. ಅಂಕಲ್ ಕಣ್ಣು ಸಾಲುಗಳ ಮೇಲೆ ಹುಡುಕುತ್ತ ಬಂದು ನನ್ನ ಮೇಲೆ ನಿಂತಿತು. ಮೈಕ್ ಅವರ ಕೈಗೇ ಕೊಟ್ಟಿದ್ದರು. ಒಂದು ಮಾತು ಹೇಳಬಹುದಿತ್ತು. ಶಾಲಿನ ಅಂಚನ್ನು ಹಿಡಿದುಕೊಂಡು, "ಎಲ್ಲರಿಗೂ ಧನ್ಯವಾದ" ಎಂದಷ್ಟೇ ಹೇಳಿ ಇಳಿದರು.

ನಾನು ಕುಳಿತೇ ಇದ್ದೆ. ಪಕ್ಕದಲ್ಲಿ ಎಲ್ಲರ ಜೊತೆ ಎದ್ದು ನಿಂತಿದ್ದ ಶ್ರೀಧರ ಎರಡು ಸಲ ಚಪ್ಪಾಳೆ ತಟ್ಟಿದ. ಕೆಳಗೆ ನನ್ನ ಕಡೆ ನೋಡಿದ. ಕೈ ಇಳಿಸಿ, ಕುಳಿತುಕೊಂಡ.